ಬಾಸೆಲ್‌ವರೆಗೆ ಹೋದ ‘ಬರ್ತೇನಿ’

ದಾಂಡೇಲಿ–ರಾಮನಗರ ಬಸ್ಸು

ಆ ಗುರುವಾರ ನನಗೆ ಮಿಲ್ಲಿನಲ್ಲಿ ವಾರದ ರಜೆ. ರಜೆಯ ದಿನ ನಾನು ಮಾಡುತ್ತಿದ್ದ ಕೆಲಸ ಒಂದೇ. ಹೆಂಡತಿಯ ಫೋನನ್ನು ಅಂಗಿಯ ಕಿಸೆಯಲ್ಲಿಟ್ಟು, ಕಿವಿಗೆ ವೈರು ಸಿಕ್ಕಿಸಿಕೊಂಡು, ದಾಂಡೇಲಿಯಿಂದ ಜೋಯಿಡಾ ಮೂಲಕ ರಾಮನಗರಕ್ಕೆ ಹೋಗುವ ಬಸ್ಸು ಹತ್ತುವುದು. ರಾಮನಗರದಲ್ಲಿ ಇಳಿದು ಒಂದು ಚಹಾ ಕುಡಿದು ಅದೇ ಬಸ್ಸಿನಲ್ಲಿ ಮರಳುವುದು. ಅಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ. ಶಿವಲೀಲಾ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದಾರಿಯುದ್ದಕ್ಕೂ ನನ್ನೊಡನೆ ಮಾತಾಡುತ್ತಿದ್ದಳು.

“ಎಲ್ಲಿಗೆ ಬಂತ್ರಿ ಬಸ್ಸು?”

“ಸೂಪಾ ಡ್ಯಾಮಿನ ಹತ್ರ ಏರು ಹತ್ತಾಕತ್ತೈತಿ.”

“ಸಿಗ್ನಲ್ ಎಷ್ಟ್ ಕಡ್ಡಿ ಐತಿ?”

“ಎರಡು. ಅಲ್ಲಲ್ಲ, ಒಂದು.”

“ಹಂಗಾರ ಈಗ ಹೋಗತೈತಿ. ನಾ ಏನ್ ಹೇಳಾಕತ್ತಿದ್ನೆಂದ್ರ, ಬರೋ ಮುಂದ ರಾಮನಗರದಿಂದ ಒಂದಿಷ್ಟು ಕೋಕಂ…”

ಅಲ್ಲಿಗೆ ಅವಳ ದನಿ ನಿಂತಿತು. ಎರಡೂ ಕಡೆ ಕಾಡು, ಕೆಳಗೆ ಹಿನ್ನೀರು. ಕಿವಿಯಲ್ಲಿ ಏನೂ ಇಲ್ಲ. ಜೋಯಿಡಾದ ಮನೆಗಳು ಕಾಣತೊಡಗಿದಾಗ ಫೋನು ರಿಂಗಾಗಲಿಲ್ಲ, ನಾನೂ ಮತ್ತೆ ಹಚ್ಚಲಿಲ್ಲ. ಅದರ ಪಾಡಿಗೆ ಅದು ಕಿವಿಯಲ್ಲಿ ಮಾತಾಡಿತು.

“…ಸಿಪ್ಪಿ ತರ್ರಿ. ಒಣಗಿದ್ದು ನೋಡಿ ತರ್ರಿ. ಹೋದ ಸಲ ಹಸೀದು ತಂದಿದ್ರಿ.”

ಅರ್ಧ ಮಾತಾಡಿ ನಿಲ್ಲಿಸುವುದು, ನಾನು ಮರಳಿ ಸಿಕ್ಕೊಡನೆ ಉಳಿದರ್ಧ ಹೇಳುವುದು ಅವಳ ಆಟ. ನಾನು ನಕ್ಕಿದ್ದನ್ನು ನೋಡಿ ಕಂಡಕ್ಟರು ಕೆಣಕಿದ.

“ಏನ್ ಮಹಾಂತೇಶಣ್ಣಾರ, ಇಷ್ಟ ವರ್ಷಾದ್ರೂ ಹೆಂಡ್ತಿ ಕೂಡ ಇಷ್ಟ ಮಾತೇನ್ರಿ? ನಮ್ಮಾಕಿ ಫೋನ್ ಬಂದ್ರ ದಾಂಡೇಲಿ ಸ್ಟ್ಯಾಂಡಿನ್ಯಾಗ ನಿಂತು ಸಿಗ್ನಲ್ ಇಲ್ಲಂತೇನಿ ನಾ.”

ಶಿವಲೀಲಾ ಒಂದು ಲೈಬ್ರರಿಗೆ ಕೆಲಸ ಮಾಡುತ್ತಿದ್ದಳು. ಈ ಮಾತನ್ನು ಮಿಲ್ಲಿನಲ್ಲಿ ಒಮ್ಮೆ ಹೇಳಿ ಪಜೀತಿಗೆ ಬಿದ್ದಿದ್ದೆ. ಮರುದಿನವೇ ಜೊತೆಗಾರರು, “ವೈನಿಗೆ ಹೇಳಿ ಒಂದು ಪತ್ತೇದಾರಿ ಕಾದಂಬರಿ ಕಳಸ್ರಿ” ಎಂದರು. ಇದು ಪುಸ್ತಕಗಳ ಲೈಬ್ರರಿಯಲ್ಲ. ಇಂಟರ್ನೆಟ್ಟಿನಲ್ಲಿ ಎರಡು ಕಂಪ್ಯೂಟರುಗಳು ಹೇಗೆ ಮಾತಾಡಬೇಕು ಎಂಬುದಕ್ಕೆ ಈಚೆಗೆ ಒಂದು ಹೊಸ ಪದ್ಧತಿ ಬಂದಿದೆ. ಆ ಪದ್ಧತಿಯಂತೆ ಮಾತಾಡಿಸುವ ಪ್ರೋಗ್ರಾಮುಗಳ ಗಂಟು ಇದು. ಅದಕ್ಕೆ ಒಡೆಯರಿಲ್ಲ. ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಿ ಕಳಿಸಬಹುದು. ತಿದ್ದಿದ್ದು ಸರಿ ಅನಿಸಿದರೆ ಅದರ ಕಾಳಜಿ ತೆಗೆದುಕೊಂಡ ಕೆಲವರು ಒಳಗೆ ಸೇರಿಸುತ್ತಾರೆ. ಇಲ್ಲವಾದರೆ ‘ಮುಚ್ಚುತ್ತಾರೆ’. ಅವರ ಮಾತಿನಲ್ಲಿ ಹಾಗೆಯೇ ಅನ್ನುತ್ತಾರೆ.

ಅವಳ ತವರು ಮುಂಡಗೋಡದ ಹತ್ತಿರದ ಚಿಗಳ್ಳಿ; ಹಳಿಯಾಳದಲ್ಲಿ ಕಂಪ್ಯೂಟರ್ ಕಲಿತವಳು. ದಾಂಡೇಲಿಯಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಸಣ್ಣ ಅಂಗಡಿಯೊಂದರಲ್ಲಿ ನೌಕರಿ ಮಾಡುತ್ತಿದ್ದಳು. ಸಂಜೆ ಬಂದಮೇಲೆ ಈ ಲೈಬ್ರರಿ; ನನ್ನ ರಜೆಯ ದಿನ ತಾನೂ ಅಂಗಡಿಗೆ ರಜೆ ಹಾಕುತ್ತಿದ್ದಳು. ಹೊಸ ಪದ್ಧತಿಯಲ್ಲಿ ಏನು ಹೊಸದು ಎಂದು ನಾನು ಕೇಳಿದಾಗ ತನ್ನನ್ನೇ ಉದಾಹರಣೆ ಕೊಟ್ಟಳು.

“ಚಿಗಳ್ಳ್ಯಾಗ ನಾ ಯಾರ್ರಿ? ನಮ್ಮಪ್ಪನ ಮಗಳು. ದಾಂಡೇಲ್ಯಾಗ? ನಿಮ್ಮ ಹೆಂಡ್ತಿ. ವಿಳಾಸ ಬದಲಾತು. ಅದಕ್ಕ ನಾ ಬ್ಯಾರೆ ಆದೆನ? ಹಳೇ ಪದ್ಧತಿಯೊಳಗ ವಿಳಾಸ ಬದಲಾದ್ರ ಮನಿಷ್ಯಾರ ಗುರ್ತs ಹತ್ತತಿದ್ದಿಲ್ಲ. ಮತ್ತ ಮೊದಲಿಂದ ನಮಸ್ಕಾರ ಮಾಡಿ ಶುರು ಮಾಡಬೇಕಿತ್ತು. ಈಗ ಹಂಗಿಲ್ಲ. ಮಾತಿಗೊಂದು ಗುರ್ತಿನ ನಂಬರ್ ಕೊಟ್ಟಿರ್ತಾರ. ವೈಫೈ ಬಿಟ್ಟು ಮೊಬೈಲ್ ಟಾವರಿಗೆ ಬಂದ್ರೂ ಆಕಿ ಆಕೀನs.”

ಆದರೆ ಸೂಪಾದಂಥ ಕಡೆ ಬಹಳ ಹೊತ್ತು ಸದ್ದೇ ಇರುವುದಿಲ್ಲ. ಅಷ್ಟು ಹೊತ್ತಾದರೆ ಅತ್ತ ಕಡೆಯ ಕಂಪ್ಯೂಟರು, ಹೋದರು ಎಂದು ತಿಳಿದು ಕೈಬಿಡುತ್ತದೆ. ಶಿವಲೀಲಾ ಅದಕ್ಕೊಂದು ಉಪಾಯ ಬರೆದಿದ್ದಳು. ಸಿಗ್ನಲ್ ಇಳಿಯತೊಡಗಿದೊಡನೆ ಫೋನು ಒಂದು ಚಿಕ್ಕ ಸಂದೇಶ ಕಳಿಸಿಬಿಡುತ್ತದೆ. ಹಾಗೆ ಹೇಳಿ ಹೋದವರನ್ನು ಅತ್ತ ಕಡೆಯವರು ಕಾಯಬೇಕು. ಆ ಸಂದೇಶಕ್ಕೆ ಅವಳಿಟ್ಟ ಹೆಸರು ‘ಬರ್ತೇನಿ’. ನಮ್ಮ ಕಡೆ ಮನೆಯಿಂದ ಹೊರಟವರು ಹೋಗ್ತೇನಿ ಅನ್ನುವುದಿಲ್ಲ. ಅದು ಸಾಯುವವರ ಮಾತು. ಹೊರಟವರು ಬರ್ತೇನಿ ಅನ್ನಬೇಕು.

ಆ ಉಪಾಯ ನಡೆಯುತ್ತದೋ ಇಲ್ಲವೋ ಎಂದು ನೋಡಲಿಕ್ಕೇ ನನ್ನ ಬಸ್ ಪ್ರಯಾಣ. “ನೀವs ನನ್ನ ಪಾಕೀಟು. ಒಗದಲ್ಲಿ ಹೋಗಿ ಮುಟ್ಟಬೇಕು” ಎಂದು ನಗುತ್ತಿದ್ದಳು. ಇಂಟರ್ನೆಟ್ಟಿನಲ್ಲಿ ಮಾತು ಹೋಗುವುದು ಸಣ್ಣ ಸಣ್ಣ ಪಾಕೀಟುಗಳಾಗಿಯಂತೆ.

ರಾಮನಗರದಲ್ಲಿ ಸಾರಿನ ಹುಳಿಗೆಂದು ಕೋಕಂ ಕೊಂಡು, ಬಸ್ಸು ಹೊರಡುವ ಹೊತ್ತಿಗೆ, “ಇಡಲ್ಯಾ?” ಅಂದೆ.

“ಇಡಲ್ಯಾ ಅಂತಾರೇನ್ರಿ? ಫೋನಿಗಿದ್ದ ಬುದ್ಧಿ ನಿಮಗಿಲ್ಲ. ಬರ್ತೇನಿ ಅನ್ರಿ.”

“ಬರ್ತೇನಿ” ಅಂದೆ.

ಹಳಿಯಾಳ ದಾಟಿ

ಮರುದಿನ ಬೆಳಿಗ್ಗೆ ಶಿವಲೀಲಾ ಅಡುಗೆಮನೆಯಲ್ಲಿ ಕುಸಿದು ಬಿದ್ದಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ಧಾರವಾಡಕ್ಕೆ ಒಯ್ಯುತ್ತಿದ್ದಾಗ ಹಳಿಯಾಳ ದಾಟಿ ಸ್ವಲ್ಪ ದೂರಕ್ಕೆ ಉಸಿರು ನಿಂತಿತು. ಮನೆಯಿಂದ ಎತ್ತಿ ಒಯ್ಯುವಾಗಲೇ ಅವಳಿಗೆ ಎಚ್ಚರವಿರಲಿಲ್ಲ. ಏನೂ ಹೇಳಲಿಲ್ಲ.

ಮಾತಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿದರು: ಬಿಟ್ಟುಬಿಡು, ಮರೆತುಬಿಡು. ನನ್ನ ತಂಗಿ ಶೋಭಾ ಹಿಂದಿನ ಓಣಿಯಲ್ಲಿರುವವಳು. ಅವಳು ಮಾತ್ರ ಬಿಡು ಅನ್ನಲಿಲ್ಲ. ಒಂದು ದಿನ ಕಸ ಹೊಡೆಯುತ್ತ, “ಆ ಕಂಪ್ಯೂಟರರ ಬಂದ್ ಮಾಡೋ ಅಣ್ಣಾ. ಯಾರಿಗಂತ ಉರೀಬೇಕದು?” ಅಂದಳು.

“ಮಾಡಂಗಿಲ್ಲ” ಅಂದೆ. ಅದು ಅವಳಿದ್ದಾಗ ಹಗಲಿರುಳು ಚಾಲೂ ಇರುತ್ತಿತ್ತು. ಅವಳಿಲ್ಲವೆಂದು ಆರಿಸಲು ನನಗೆ ಕಾರಣ ಕಾಣಲಿಲ್ಲ.

ಕೆಲವು ತಿಂಗಳು ಕಳೆದಮೇಲೆ ಅವಳ ಫೋನಿಗೆ ಒಂದು ಮೇಲ್ ಬಂತು. ಅವಳು ತೀರಿಕೊಂಡ ಸುದ್ದಿಯನ್ನು ಲೈಬ್ರರಿಯವರಿಗೆ ತಿಳಿಸಿದ್ದ ಅವಳ ಅಂಗಡಿಯವರೇ ಅದನ್ನೂ ನನಗೆ ಓದಿ ಹೇಳಿದರು. ಕಳಿಸಿದವರು ರೆಗುಲಾ ಎಂಬವರು, ಲೈಬ್ರರಿಯನ್ನು ನೋಡಿಕೊಳ್ಳುವವರಲ್ಲಿ ಹಿರಿಯರು. ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನಲ್ಲಿ ಎಲ್ಲರೂ ಸೇರುತ್ತಿದ್ದೇವೆ, ಲೈಬ್ರರಿಯ ಹೊಸ ಆವೃತ್ತಿಯನ್ನು ಶಿವಲೀಲಾಳ ನೆನಪಿಗೆ ಅರ್ಪಿಸುತ್ತೇವೆ, ನೀವು ಬರಬೇಕು, ದಾರಿಯ ವ್ಯವಸ್ಥೆ ನಮ್ಮದು ಎಂದಿದ್ದರು. ಕೊನೆಗೆ ಇನ್ನೊಂದು ಮಾತಿತ್ತು. ಅವಳು ಕಳಿಸಿದ್ದ ತಿದ್ದುಪಡಿಯ ಬಗ್ಗೆ ಕೆಲವು ಪ್ರಶ್ನೆಗಳಿದ್ದವು, ಉತ್ತರಿಸುವವರು ಈಗ ಇಲ್ಲದ್ದರಿಂದ ವಿಷಾದದಿಂದ ಅದನ್ನು ಮುಚ್ಚಬೇಕಾಗಿದೆ.

ಮೊದಲನೆಯದಕ್ಕೆ ಕೈಮುಗಿದೆ. ಎರಡನೆಯದಕ್ಕಾಗಿ ಪಾಸ್‌ಪೋರ್ಟ್ ಮಾಡಿಸಿದೆ.

“ಅವರು ಹಾರ ಹಾಕಾಕ ಕರದಾರ. ನೀ ಜಗಳಕ್ಕ ಹೊಂಟೀಯಲ್ಲೋ” ಎಂದಳು ಶೋಭಾ.

“ಹೌದು. ಜಗಳಕ್ಕs.”

“ಹಂಗಾರ ಸ್ವೆಟರ್ ತಗೊಂಡು ಹೋಗು.”

“ಅಲ್ಲಿ ಈಗ ಬ್ಯಾಸಗಿ ಐತಂತ.”

“ಪರದೇಶದಾಗ ಎಂಥಾ ಬ್ಯಾಸಗಿ? ಸುಮ್ಮನ ಹಾಕ್ಕೊಂಡು ಹೋಗು.”

ಬಾಸೆಲ್, ಟ್ರಾಮಿನಲ್ಲಿ

ಬಾಸೆಲ್ಲಿನಲ್ಲಿ ಇಳಿದಾಗ ಬಿಸಿಲು ಹಳಿಯಾಳದ ಏಪ್ರಿಲ್ಲಿನಂತಿತ್ತು. ಜನ ಅರ್ಧ ಚಡ್ಡಿಯಲ್ಲಿದ್ದರು. ನಾನು ಸ್ವೆಟರಿನಲ್ಲಿದ್ದೆ.

ಟ್ರಾಮ್ ಎಂದರೆ ಬೀದಿಯ ನಡುವೆ ಹಳಿಯ ಮೇಲೆ ಓಡುವ ಹಸಿರು ಬಣ್ಣದ ಗಾಡಿ. ಒಳಗೆ ತುಂಬ ಜನ. ಆದರೆ ಒಂದು ಸದ್ದಿಲ್ಲ. ನಮ್ಮ ಬಸ್ಸಿನಲ್ಲಿ ಇಷ್ಟು ಜನ ಇಷ್ಟು ಸುಮ್ಮನೆ ಕುಳಿತರೆ, ಯಾರಿಗೋ ಏನೋ ಆಗಿದೆ ಎಂದು ಡ್ರೈವರು ಗಾಡಿ ನಿಲ್ಲಿಸುತ್ತಾನೆ. ಅದೇ ಹೊತ್ತಿಗೆ ಶೋಭಾಳ ಫೋನು ಬಂತು.

“ಹಲೋ! ಹಾಂ, ಮುಟ್ಟೇನಿ! ಕೇಳಸಾಕತ್ತೈತೇನು? ಮುಟ್ಟೇನಂತ!”

ಎಲ್ಲ ತಲೆಗಳೂ ತಿರುಗಿದವು. ಅಲ್ಲಿಯ ಜನ ಬೈಯುವುದು ಕಣ್ಣಿನಿಂದ. ಆಗ ಹಿಂದಿನ ಸೀಟಿನಿಂದ ಒಂದು ಹೆಣ್ಣು ದನಿ ಬಂತು.

“ಸಾವಕಾಶ ಮಾತಾಡ್ರಿ ಅಣ್ಣಾರ. ಹಿಂಗ ಒದರಿದ್ರ ದಾಂಡೇಲಿಗೆ ಫೋನ್ ಇಲ್ಲದs ಕೇಳಸ್ತೈತಿ.”

ತಿರುಗಿ ನೋಡಿದೆ. ಟಿಬೆಟ್ಟಿನ ಮುಖದ ಹೆಂಗಸು, ಮಡಿಲಲ್ಲಿ ತರಕಾರಿಯ ಚೀಲ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

“ಮುಂಡಗೋಡದಾಕಿ ನಾ. ಅಲ್ಲಿ ಟಿಬೆಟನ್ ಕಾಲನ್ಯಾಗ ಹುಟ್ಟಿ ಬೆಳದಾಕಿ. ನೀವು ದಾಂಡೇಲಿಯವ್ರಂತ ಹೆಂಗ ಗೊತ್ತಾತಂದ್ರ, ನಿಮ್ಮ ಚೀಲದ ಮ್ಯಾಲೆ ಅಂಗಡಿ ಹೆಸರೈತಿ ನೋಡ್ರಿ, ಕನ್ನಡದಾಗ.”

ಹೆಸರು ಪೆಮಾ. ಅಲ್ಲಿಯ ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸ. ನನ್ನ ಹೆಂಡತಿ ಚಿಗಳ್ಳಿಯವಳು ಅಂದಾಗ ಅವಳ ಮುಖ ಅರಳಿತು. ಅವರಪ್ಪ ದನ ಕೊಳ್ಳಲು ಚಿಗಳ್ಳಿಗೆ ಹೋಗುತ್ತಿದ್ದರಂತೆ. ಹೆಂಡತಿ ತೀರಿಕೊಂಡಳು ಎಂದು ಹೇಳಿ ಬಂದ ಕಾರಣವನ್ನೂ ಹೇಳಿದೆ. ಅವಳು ಅಯ್ಯೋ ಪಾಪ ಅನ್ನಲಿಲ್ಲ.

“ನಿಮ್ಮ ಇಂಗ್ಲಿಷ್ ಹೆಂಗ?” ಎಂದು ಕೇಳಿದಳು.

“ಮಿಲ್ಲಿನ ಇಂಗ್ಲಿಷು. ಸ್ಟಾರ್ಟ್, ಸ್ಟಾಪ್, ಡೇಂಜರ್.”

“ಅಷ್ಟರಾಗ ಜಗಳ ಆಗಂಗಿಲ್ಲರಿ. ನಾ ಬರ್ತೇನಿ ನಿಮ್ಮ ಕೂಡ.”

ಬಾಸೆಲ್, ರವಿವಾರ

ನನಗೆ ರೆಗುಲಾ ಅವರ ಮನೆಯಲ್ಲಿಯೇ ಒಂದು ಕೋಣೆ. ಐವತ್ತು ದಾಟಿದ ಎತ್ತರದ ಹೆಂಗಸು, ಮಾತು ಕಡಿಮೆ. ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನು ನೋಡಿ ನನಗೆ ಸಮಾಧಾನವಾಯಿತು.

ಸಭೆ ಸೋಮವಾರ. ರವಿವಾರ ಬೆಳಿಗ್ಗೆ ಬೆವರಿದ ಅಂಗಿ ಒಗೆದು, ಬಾಲ್ಕನಿಯ ಕಂಬಿಯ ಮೇಲೆ ಹರವಿದೆ. ಪಕ್ಕದ ಮನೆಯ ಮುದುಕಿ ಹೊರಗೆ ಬಂದು ಅಂಗಿಯನ್ನು ತೋರಿಸಿ ಏನೋ ಹೇಳಿದಳು. ಹೊಗಳುತ್ತಿದ್ದಾಳೆಂದು ತಿಳಿದು, ಥ್ಯಾಂಕ್ಯೂ ಅಂದೆ. ಅವಳು ಇನ್ನೂ ಜೋರಾಗಿ ಹೇಳಿದಳು. ಅಂಗಿ ಬೇಕೇನೋ ಎಂದು ತೆಗೆದು ಕೊಡಹೋದೆ. ಒಳಗಿನಿಂದ ರೆಗುಲಾ ಓಡಿ ಬಂದರು. ಅಲ್ಲಿ ರವಿವಾರ ಬಟ್ಟೆ ಒಗೆದು ಒಣಹಾಕುವಂತಿಲ್ಲವಂತೆ. ಒಗೆಯಲು ನೆಲಮಾಳಿಗೆಯಲ್ಲಿ ಎಲ್ಲರಿಗೂ ಕೂಡಿ ಒಂದು ಯಂತ್ರ, ಒಬ್ಬೊಬ್ಬರಿಗೆ ಒಂದೊಂದು ಪಾಳಿ. ನೀರಿನ ನಳದ ಪಾಳಿ ನಮಗೂ ಗೊತ್ತು. ಆದರೆ ಒದ್ದೆ ಅಂಗಿಯನ್ನು ಸೋಮವಾರದವರೆಗೆ ಬಚ್ಚಿಡುವ ಪಾಳಿ ನನಗೆ ಹೊಸದು.

ಮಧ್ಯಾಹ್ನ ರೈನ್ ನದಿಯ ದಂಡೆಗೆ ಹೋದೆ. ಅಲ್ಲಿ ಕಂಡದ್ದನ್ನು ದಾಂಡೇಲಿಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಜನ ಬಟ್ಟೆ ಬಿಚ್ಚಿ, ಮೀನಿನ ಆಕಾರದ ಒಂದು ರಬ್ಬರ್ ಚೀಲದೊಳಗೆ ಬಟ್ಟೆ ಫೋನು ಕೀಲಿಕೈ ಎಲ್ಲ ತುಂಬಿ, ಬಾಯಿ ಸುತ್ತಿ ಕಟ್ಟಿ, ಅದನ್ನು ಅಪ್ಪಿಕೊಂಡು ಹೊಳೆಗೆ ಇಳಿಯುತ್ತಾರೆ. ತೇಲುತ್ತ ಮಾತಾಡುತ್ತ ಕೆಳಗೆ ಹೋಗಿ, ತಮ್ಮ ಮನೆಯ ಹತ್ತಿರ ದಂಡೆ ಹತ್ತಿ, ಒಣ ಬಟ್ಟೆ ತೊಟ್ಟು ನಡೆದುಬಿಡುತ್ತಾರೆ.

ನನ್ನ ಕಣ್ಣು ಮಾತ್ರ ಅವರ ಹಿಂದಿನ ನೀರಿನ ಮೇಲಿತ್ತು. ಕಾಳಿ ಹೊಳೆಯ ಪಕ್ಕ ಬೆಳೆದವನಿಗೆ ಅದು ಬಿಡುವುದಿಲ್ಲ. ಕೊನೆಗೆ ತಡೆಯದೆ ಒಬ್ಬನನ್ನು, ಎರಡೂ ಕೈಯಿಂದ ಬಾಯಿ ಮಾಡಿ ತೋರಿಸಿ, ಮೊಸಳೆ ಇಲ್ಲವೇ ಎಂದು ಕೇಳಿಯೇಬಿಟ್ಟೆ. ಅವನು ನಾನು ಚೇಷ್ಟೆ ಮಾಡಿದೆನೆಂದು ನಕ್ಕ.

ಪಟದ ಕೆಳಗಿನ ಹೆಸರು

ಸಭೆ ಸೇರಿದ್ದು ಒಂದು ಹಳೆಯ ಗೋದಾಮಿನಲ್ಲಿ. ಬಾಗಿಲು ದಾಟಿದೊಡನೆ ಎದುರಿಗೆ ಶಿವಲೀಲಾ. ಯಾವಾಗಲೋ ವಿಡಿಯೋದಲ್ಲಿ ಮಾತಾಡುವಾಗ ಹಿಡಿದ ಚಿತ್ರ, ದೊಡ್ಡದು ಮಾಡಿಸಿ ಗೋಡೆಗೆ ಹಚ್ಚಿದ್ದರು. ಹಿಂದೆ ನಮ್ಮ ಮನೆಯ ಕ್ಯಾಲೆಂಡರು ಕಾಣುತ್ತಿತ್ತು. ಚಿತ್ರದ ಬುಡಕ್ಕೆ ಒಂದು ದೀಪ. ಅದರ ಮೇಲೆ ಇಂಗ್ಲಿಷಿನ ದಪ್ಪ ಅಕ್ಷರಗಳಲ್ಲಿ ಹೆಸರು: ಶಿವಲೀಲಾ ಬರ್ತೇನಿ.

ನಾನು ಎರಡು ಸಲ ಓದಿದೆ. ಪೆಮಾ ಒಂದೇ ಸಲ ಓದಿ ನನ್ನ ತೋಳು ಹಿಡಿದುಕೊಂಡಳು.

ರೆಗುಲಾ ಮುಂದೆ ಬಂದು ಎಲ್ಲರೂ ಒಂದು ನಿಮಿಷ ಎದ್ದು ಮೌನವಾಗಿ ನಿಲ್ಲಬೇಕೆಂದು ಕೇಳಿಕೊಂಡರು. ಕುರ್ಚಿಗಳ ಸದ್ದಾಯಿತು.

“ಪೆಮಾ, ಕುಂದ್ರಂತ ಹೇಳು ಎಲ್ಲಾರ್ಗೂ” ಅಂದೆ.

“ಏನಂದ್ರಿ?”

“ಕುಂದ್ರಂತ ಹೇಳವ್ವಾ. ಮತ್ತ ಇದನ್ನೂ ಹೇಳು. ಬರ್ತೇನಿ ಆಕಿ ಅಡ್ಡಹೆಸರಲ್ಲ. ಬರ್ತೇನಿ ಅಂದ್ರ, ಹೊಂಟಾಕಿ ನಾ ತಿರುಗಿ ಬರ್ತೇನಿ ಅಂತ ಹೇಳೋ ಮಾತು. ಸತ್ತಾಕಿ ಫೋಟೋದ ಬುಡಕ ತಿರುಗಿ ಬರ್ತೇನಂತ ಬರದು ದೀಪಾ ಹಚ್ಚೀರಿ ನೀವು.”

“ಹಿಂಗs ಹೇಳಲೇನ್ರಿ ಅಣ್ಣಾರ?”

“ಇದ್ದದ್ದ ಇದ್ದಂಗ ಹೇಳು.”

ಅವಳು ಹೇಳಿದಳು. ಅರ್ಧ ಎದ್ದವರು ಹಾಗೇ ನಿಂತರು. ನನ್ನ ಬಾಯಿ ನಿಲ್ಲಲಿಲ್ಲ. ಅಷ್ಟು ಜನರ ಎದುರು ನಾನು ಅದಕ್ಕೆ ಮೊದಲು ಎಂದೂ ಮಾತಾಡಿದವನಲ್ಲ.

“ಸುಮ್ಮನಿರೂದು ನಮ್ಮನ್ಯಾಗ ಬೇಕಾದಷ್ಟೈತಿ. ಅದನ್ನ ನೋಡಾಕ ಇಷ್ಟು ದೂರ ಬಂದಿಲ್ಲ ನಾ. ಆಕಿ ಕೆಲಸಾ ಮುಚ್ಚಬ್ಯಾಡ್ರಿ. ತಪ್ಪಿದ್ರ ತಪ್ಪಂತ ಹೇಳ್ರಿ, ಬೇಕಾದ್ರ ಬೈರಿ. ತಪ್ಪಿಗಂತ ಮುಚ್ಚಿದ್ರ ನಾ ಸುಮ್ಮನ ಊರಿಗೆ ಹೋಗ್ತೇನಿ. ಸತ್ತಾಳಂತ ಮುಚ್ಚಬ್ಯಾಡ್ರಿ.”

ಆಡಿದಮೇಲೆ ಗೊತ್ತಾಯಿತು, ನಾನೇ ‘ಹೋಗ್ತೇನಿ’ ಅಂದಿದ್ದೆ.

ಕೊನೆಗೆ ಗಡ್ಡದ ಒಬ್ಬ ಯುವಕ ಎದ್ದ. ಹೆಸರು ಫಾಬಿಯಾನ್. ಶಿವಲೀಲಾಗೆ ಪ್ರಶ್ನೆಗಳನ್ನು ಕಳಿಸಿದ್ದವನು ಅವನೇ. ಅವನು ಸಿಟ್ಟಾಗಿರಲಿಲ್ಲ. ನಿಧಾನವಾಗಿ ಹೇಳಿದ, ಪೆಮಾ ನನಗೆ ತಿಳಿಯುವಂತೆ ಕನ್ನಡ ಮಾಡಿದಳು. ಕಾಯುವುದಕ್ಕೂ ಜಾಗ ಬೇಕು. ಸದ್ದಿಲ್ಲದೆ ಹೋದವರನ್ನೆಲ್ಲ ಕಾಯುತ್ತ ಕುಳಿತರೆ ಇದ್ದವರಿಗೆ ಜಾಗ ಉಳಿಯುವುದಿಲ್ಲ. ಕೇಡಿಗರು ಬೇಕೆಂದೇ ಸಾವಿರ ಸಲ ಬಂದು ಮಾಯವಾಗಿ ಕಂಪ್ಯೂಟರನ್ನೇ ಮಲಗಿಸಬಹುದು. ಹೋದವರನ್ನು ಯಾವಾಗಲಾದರೂ ಕೈಬಿಡಲೇಬೇಕು.

ಇದೇ ಮಾತನ್ನು ನಾನು ದಾಂಡೇಲಿಯಲ್ಲೂ ಕೇಳಿದ್ದೆ.

“ಎಲ್ಲಾರ್ನೂ ಕಾಯಿರಂತ ಆಕಿ ಎಲ್ಲಿ ಹೇಳ್ಯಾಳ? ಬರ್ತೇನಂತ ಹೇಳಿ ಹೋದವ್ರನ್ನ ಅಷ್ಟs.”

ಪೆಮಾ ಹೇಳಿದಳು. ಫಾಬಿಯಾನ್ ಹುಬ್ಬು ಗಂಟಿಕ್ಕಿದ. ಯಾರು ಹೇಳುತ್ತಾರೆ? ಎಲ್ಲಿ ಹೇಳುತ್ತಾರೆ? ಆಗ ರೆಗುಲಾ ತಮ್ಮ ಲ್ಯಾಪ್‌ಟಾಪ್ ತೆರೆದರು. ಶಿವಲೀಲಾ ಕಳಿಸಿದ್ದರಲ್ಲಿ ಎರಡು ಭಾಗವಿತ್ತು. ಕಾಯುವ ಭಾಗವನ್ನು ಅವರು ಪೂರ್ತಿ ಓದಿದ್ದರು. ಹೇಳುವ ಭಾಗ ‘ಬರ್ತೇನಿ’ ಎಂಬ ಹೆಸರಿನಡಿ ಬೇರೆ ಇತ್ತು. ಅದು ಅವಳ ಅಡ್ಡಹೆಸರು, ಒಳಗಿರುವುದು ಅವಳ ಸ್ವಂತದ್ದು ಎಂದುಕೊಂಡಿದ್ದರು. ತೀರಿಕೊಂಡವರ ಸ್ವಂತದ್ದನ್ನು ತೆರೆದು ನೋಡುವುದು ಸರಿಯಲ್ಲವೆಂದು ಯಾರೂ ಮುಟ್ಟಿರಲಿಲ್ಲ.

ಅದು ಅವರ ಮರ್ಯಾದೆ. ನನಗೆ ಅದರ ಮೇಲೆ ಸಿಟ್ಟು ಮಾಡಲಾಗಲಿಲ್ಲ. ಅವಳ ಟ್ರಂಕನ್ನು ನಾನೂ ತೆರೆದಿಲ್ಲ.

ಹಗ್ಗದ ದೋಣಿ

ಸಂಜೆ ಪೆಮಾ ನನ್ನನ್ನು ಹೊಳೆ ದಾಟಿಸಿದಳು. ಆ ಊರಿನಲ್ಲಿ ಎಂಜಿನ್ನಿಲ್ಲದ, ಹುಟ್ಟೂ ಹಾಕದ ದೋಣಿಗಳಿವೆ. ಹೊಳೆಯ ಮೇಲೆ ಈ ದಂಡೆಯಿಂದ ಆ ದಂಡೆಗೆ ಒಂದು ಉಕ್ಕಿನ ಹಗ್ಗ. ಅದಕ್ಕೆ ಇನ್ನೊಂದು ಹಗ್ಗದಿಂದ ದೋಣಿಯನ್ನು ಕಟ್ಟಿರುತ್ತಾರೆ. ಅಂಬಿಗ ಒಂದು ಹಿಡಿಕೆಯನ್ನು ತಿರುಗಿಸಿ ಸುಮ್ಮನೆ ಕೂರುತ್ತಾನೆ. ನೀರಿನ ಸೆಳೆತವೇ ದೋಣಿಯನ್ನು ಅಡ್ಡಕ್ಕೆ ನೂಕಿ ದಾಟಿಸುತ್ತದೆ.

“ಹಗ್ಗಾ ಬಿಚ್ಚಿದ್ರ?” ಎಂದು ಕೇಳಿದೆ.

“ಬಿಚ್ಚಿದ್ರ ಕೆಳಗ ಹೋಗತೈತ್ರಿ, ಸಮುದ್ರಕ್ಕ” ಎಂದಳು ಪೆಮಾ. “ಊರಾಗ ಎಲ್ಲಾರೂ ಬಿಡು ಬಿಡು ಅಂತಾರಂತ ಹೇಳಿದ್ರಲ್ಲ, ಅವರನ್ನ ತಂದು ಇದರಾಗ ಕುಂದ್ರಸಬೇಕು.”

ಅವಳು ಅಷ್ಟೇ ಹೇಳಿದ್ದು. ಆಮೇಲೆ ಮುಂಡಗೋಡದ ಸಂತೆಯ ಮಿರ್ಚಿ ಭಜಿಯ ನೆನಪು ತೆಗೆದು, ಇಲ್ಲಿ ಎಷ್ಟು ಕರಿದರೂ ಆ ರುಚಿ ಬರುವುದಿಲ್ಲವೆಂದು ಇಡೀ ದೇಶವನ್ನು ಬೈದಳು.

ಆಚೆ ದಂಡೆಯಲ್ಲಿ ಫಾಬಿಯಾನ್ ನಿಂತಿದ್ದ. ನಮ್ಮನ್ನೇ ಹುಡುಕಿಕೊಂಡು ಬಂದಿದ್ದ. ಆ ಭಾಗವನ್ನು ಈಗ ಓದಿದೆ, ಎಷ್ಟು ಜನರನ್ನು ಕಾಯಬೇಕು ಎಂಬುದಕ್ಕೂ ಆಕೆ ಮಿತಿ ಹಾಕಿದ್ದಾರೆ, ನನ್ನ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಸಿಕ್ಕಿತು ಎಂದ. ಉಳಿದರ್ಧಕ್ಕೆ ನಾಳೆ ಟ್ರಾಮಿನಲ್ಲಿ ಹೋಗೋಣ ಎಂದ.

ಗಡಿ ದಾಟುವ ಟ್ರಾಮು

ಬಾಸೆಲ್ ಮೂರು ದೇಶಗಳ ಮೂಲೆಯಲ್ಲಿದೆ. ಎಂಟನೇ ನಂಬರಿನ ಟ್ರಾಮು ಹತ್ತಿದರೆ ಕೊನೆಯ ಸ್ಟಾಪು ಜರ್ಮನಿಯಲ್ಲಿ. ನಮ್ಮ ರಾಮನಗರದಿಂದ ಗೋವಾಕ್ಕೆ ಹೋದಷ್ಟು ಸಲೀಸು. ಜನ ಅಗ್ಗದ ಸಾಮಾನಿಗೆ ಆಚೆ ಹೋಗಿ ಚೀಲ ತುಂಬಿ ಬರುವುದೂ ನಮ್ಮಂತೆಯೇ. ಗಡಿಯಲ್ಲಿ ಫೋನು ಸ್ವಿಸ್ ಟಾವರನ್ನು ಬಿಟ್ಟು ಜರ್ಮನಿಯದನ್ನು ಹಿಡಿಯಬೇಕು. ನಡುವೆ ಸ್ವಲ್ಪ ಹೊತ್ತು ಏನೂ ಇರುವುದಿಲ್ಲ. ಆ ಹೊತ್ತನ್ನು ಫಾಬಿಯಾನ್ ತನ್ನ ಲ್ಯಾಪ್‌ಟಾಪಿನಿಂದ ಇನ್ನಷ್ಟು ಹಿಗ್ಗಿಸಿ, ಸೂಪಾದಷ್ಟು ಮಾಡಿದ್ದ.

ಶಿವಲೀಲಾಳ ಫೋನು ನನ್ನ ಕಿಸೆಯಲ್ಲಿ. ವೈರು ಒಂದು ನನ್ನ ಕಿವಿಗೆ, ಒಂದು ಪೆಮಾಳ ಕಿವಿಗೆ. ಫಾಬಿಯಾನನ ಕಣ್ಣು ಲ್ಯಾಪ್‌ಟಾಪಿನ ಪರದೆಯ ಮೇಲೆ. ಗೋದಾಮಿನಲ್ಲಿ ರೆಗುಲಾ. ಏನಾದರೂ ಮಾತಾಡುತ್ತಿರಬೇಕಲ್ಲ, ಅದಕ್ಕೆ ಅವರು ಒಂದು ಅಡುಗೆ ಹೇಳತೊಡಗಿದರು.

“ರೊಟ್ಟಿ ಮಾಡೂದು ಹೇಳಾಕತ್ತಾರೇನು?” ಎಂದು ಪೆಮಾಳನ್ನು ಕೇಳಿದೆ.

“ರೊಟ್ಟಿ ಅಲ್ಲರಿ, ರ್ಯೋಷ್ಟಿ. ಆಲೂಗಡ್ಡಿ ತುರದು ಹುರೀತಾರ.”

ಗಡಿ ಬಂತು. ರೆಗುಲಾರ ದನಿ ನಿಂತಿತು. ಕಾದೆವು. ಜರ್ಮನಿಯ ಟಾವರು ಬಂತು. ದನಿ ಬರಲಿಲ್ಲ. ಫಾಬಿಯಾನ್ ಪರದೆ ನೋಡಿ ತಲೆ ಅಲ್ಲಾಡಿಸಿದ. ಅತ್ತ ಕಡೆ ಕೈಬಿಟ್ಟಾಗಿತ್ತು.

ಕೊನೆಯ ಸ್ಟಾಪಿನಲ್ಲಿ ಬೆಂಚಿನ ಮೇಲೆ ಕುಳಿತೆವು. ತಪ್ಪಿದ್ದರೆ ಸುಮ್ಮನೆ ಹೋಗುತ್ತೇನೆ ಎಂದು ನಾನೇ ಹೇಳಿದ್ದೆ. ಫಾಬಿಯಾನ್ ಬಹಳ ಹೊತ್ತು ಪರದೆ ನೋಡಿ ಕೇಳಿದ: ನಿಮ್ಮ ಊರಿನ ಬಸ್ಸಿನಲ್ಲಿ ಸಿಗ್ನಲ್ ಹೇಗೆ ಹೋಗುತ್ತದೆ?

“ಒಂದೊಂದs ಕಡ್ಡಿ ಇಳೀತೈತಿ. ಗುಡ್ಡ ಬಂದಂಗ.”

ಇಲ್ಲಿ ಹಾಗಲ್ಲ ಎಂದ ಅವನು. ಇಲ್ಲಿ ಎಲ್ಲ ಕಡ್ಡಿ ತುಂಬಿದ್ದ ಸಿಗ್ನಲ್ಲು ಒಮ್ಮೆಲೇ ಕಡಿದುಹೋಯಿತು. ಫೋನಿಗೆ ಬರ್ತೇನಿ ಎಂದು ಹೇಳಲು ಪುರಸೊತ್ತೇ ಸಿಗಲಿಲ್ಲ.

ಪೆಮಾ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಲಿಲ್ಲ. ಮುಗಿಸುವುದು ಬೇಕಿರಲಿಲ್ಲ. ಆಗ ಫಾಬಿಯಾನ್, ಅವಳು ಏನೂ ಹೇಳದೆ ಹೋದ ಸಂಗತಿ ಗೊತ್ತಿಲ್ಲದೆ, ಕೆಲಸದ ಮಾತೆಂದೇ ಕೇಳಿದ: ಹೇಳಲು ಪುರಸೊತ್ತು ಸಿಗದವರನ್ನು ಏನು ಮಾಡಬೇಕು?

“ಅವರನ್ನೂ ಕಾಯಬೇಕು” ಅಂದೆ.

ಎಷ್ಟು ಹೊತ್ತು?

“ಅದು ನಂಗ ಗೊತ್ತಿಲ್ಲ. ಆದ್ರ ಹೇಳಲಿಲ್ಲಂತ ತಕ್ಷಣ ಕೈಬಿಡಬ್ಯಾಡ್ರಿ.”

ಅವನು ಅದನ್ನು ಅಲ್ಲಿಯೇ ಬರೆದುಕೊಂಡ.

ಮರಳುವಾಗ ರೆಗುಲಾರಿಗೆ ಮತ್ತೆ ಫೋನು ಹಚ್ಚಿದೆವು. ಗಡಿಗೆ ಮೊದಲಿನ ಸ್ಟಾಪಿನಲ್ಲಿ ಫಾಬಿಯಾನ್ ತನ್ನ ಕೈಯಿಂದಲೇ ಆ ಸಂದೇಶವನ್ನು ಕಳಿಸಿದ. ಅಲ್ಲಿ ರೆಗುಲಾ ಈರುಳ್ಳಿ ಹಾಕುವುದು ತಪ್ಪೋ ಸರಿಯೋ ಎಂದು ಹೇಳುತ್ತಿದ್ದರು. ‘ಆಲೂಗಡ್ಡೆಯ ಮೇಲಿನ’ ಎಂಬಲ್ಲಿಗೆ ದನಿ ಕಡಿಯಿತು. ಸುಂಕದ ಕಟ್ಟೆ ಹೋಯಿತು. ಒಂದು ಸ್ಟಾಪು ಹೋಯಿತು. ಟ್ರಾಮಿನಲ್ಲಿ ಎಂದಿನಂತೆ ಯಾರೂ ಮಾತಾಡುತ್ತಿರಲಿಲ್ಲ. ಆಗ ಕಿವಿಯಲ್ಲಿ, ರಿಂಗಿಲ್ಲದೆ, ಹಲೋ ಇಲ್ಲದೆ, ರೆಗುಲಾ ತಮ್ಮ ಮಾತಿನ ಉಳಿದರ್ಧವನ್ನು ಮುಗಿಸಿದರು. ಪೆಮಾ ಮೆಲ್ಲಗೆ ಕನ್ನಡದಲ್ಲಿ ಹೇಳಿದಳು:

“ಸಿಪ್ಪಿ ತಗೀಬೇಕಂತ.”

ನಾನು ಟ್ರಾಮಿನ ಕಂಬವನ್ನು ಹಿಡಿದುಕೊಂಡೆ. ಫಾಬಿಯಾನ್ ಒಮ್ಮೆ ಕೂಗಿಬಿಟ್ಟ. ಎಲ್ಲ ತಲೆಗಳೂ ತಿರುಗಿದವು. ಈ ಸಲ ನೋಡಿಸಿಕೊಂಡವನು ನಾನಲ್ಲ.

ಅಂದು ಅವರು ಅವಳ ತಿದ್ದುಪಡಿಯನ್ನು ಮುಚ್ಚಲಿಲ್ಲ, ಲೈಬ್ರರಿಯೊಳಗೆ ಸೇರಿಸಿದರು. ಮುಂದೆ ಅದನ್ನು ನೋಡಿಕೊಳ್ಳುವ ಜವಾಬ್ದಾರಿ ರೆಗುಲಾ ಹೊತ್ತರು. ಹೆಸರು ಮಾತ್ರ ಬದಲಿಸಿ ಇಂಗ್ಲಿಷಿನದು ಇಡೋಣವೇ ಎಂದು ಒಬ್ಬರು ಕೇಳಿದರು. ಬೇಡವೆಂದೆ. ನಿಮ್ಮ ಎಲ್ಲ ಶಬ್ದಗಳನ್ನೂ ಅವಳು ಕಲಿತಳು, ಅವಳದು ಒಂದು ನೀವು ಕಲಿಯಿರಿ ಎಂದೆ. ಪಟದ ಕೆಳಗಿನ ಹೆಸರನ್ನು ಸಂಜೆಯೊಳಗೆ ತಿದ್ದಿದರು. ದೀಪವನ್ನು ನಾನೇ ಆರಿಸಿದೆ.

ನಿಲ್ದಾಣದಲ್ಲಿ ಪೆಮಾ ನನ್ನ ಸ್ವೆಟರನ್ನು ಮಡಚಿ ಚೀಲದಲ್ಲಿ ತುಂಬಿದಳು.

“ಬರ್ತೇನಿ ತಂಗಿ” ಅಂದೆ.

“ಬರೂ ಮುಂದ ಮಿರ್ಚಿ ಮಾಡೂ ಮೆಣಸಿನಕಾಯಿ ತರ್ರಿ. ಇಲ್ಲಿವು ಬರೇ ಹಸರಗೆ ಅದಾವು, ಖಾರs ಇಲ್ಲ.”

ಸೂಪಾ

ಈಗಲೂ ರಜೆಯ ದಿನ ರಾಮನಗರದ ಬಸ್ಸು ಹತ್ತುತ್ತೇನೆ. ಜನ ಏನಾದರೂ ಅನ್ನಲಿ. ಕಂಡಕ್ಟರು ಟಿಕೇಟು ಹರಿದು ಕೊಡುತ್ತಾನೆ, ಕೆಣಕುವುದಿಲ್ಲ. “ನೀ ಮೊದಲಿನಂಗ ಚ್ಯಾಷ್ಟಿ ಮಾಡೋ ಮಾರಾಯಾ” ಎಂದು ಒಮ್ಮೆ ನಾನೇ ಬೈದೆ.

ಮನೆಯ ಕಂಪ್ಯೂಟರು ಚಾಲೂ ಇದೆ. ಕಿವಿಯ ವೈರಿನಲ್ಲಿ ಆ ಕೋಣೆಯ ಫ್ಯಾನಿನ ಸದ್ದು ಕೇಳುತ್ತದೆ. ಸೂಪಾದ ಏರಿನಲ್ಲಿ ಸಿಗ್ನಲ್ಲು ಒಂದೊಂದೇ ಕಡ್ಡಿ ಇಳಿಯುತ್ತದೆ, ಫೋನು ತನ್ನ ಮಾತು ಹೇಳುತ್ತದೆ, ಸದ್ದು ಹೋಗುತ್ತದೆ. ಜೋಯಿಡಾದ ಹತ್ತಿರ ಫ್ಯಾನಿನ ಸದ್ದು ಮತ್ತೆ ಬರುತ್ತದೆ. ನನಗೆ ಗೊತ್ತಿಲ್ಲದ ಯಾವ ಯಾವ ದೇಶದ ಯಾವ ಯಾವ ಬಸ್ಸಿನಲ್ಲಿ ಯಾರ ಯಾರ ಫೋನುಗಳೋ ಈಗ ಬರ್ತೇನಿ ಎಂದು ಹೇಳಿ ಕತ್ತಲೆಗೆ ಹೋಗುತ್ತವೆ, ಬರುತ್ತವೆ.

ಫಾಬಿಯಾನ್ ಬೆಂಚಿನ ಮೇಲೆ ಬರೆದುಕೊಂಡ ಪ್ರಶ್ನೆಯನ್ನು ಲೈಬ್ರರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದಾನೆ. ಆಗಾಗ ತೆರೆದು ನೋಡುತ್ತೇನೆ. ಯಾರೂ ಅದನ್ನು ಮುಚ್ಚಿಲ್ಲ. ಹೇಳದೆ ಹೋದವರನ್ನು ಕಾಯುವ ಭಾಗವನ್ನು ಇನ್ನೂ ಯಾರೂ ಬರೆದಿಲ್ಲ.